ಸ್ಮಾರ್ಟ್ ಬೋರ್ಡ್ ಬಂತು, ಕಲಿಕೆ ಬಂತಾ?

ಹತ್ತನೇ ಕ್ಲಾಸಿನ ವಿಜ್ಞಾನದಲ್ಲಿ ಬೆಳಕಿನ ಪಾಠ ಇದೆ. ಅದರಲ್ಲಿ ನಿಮ್ನ ದರ್ಪಣ, ಅಂದರೆ ಒಳಕ್ಕೆ ಬಾಗಿದ ಕನ್ನಡಿ ಬರುತ್ತದೆ. ಕನ್ನಡಿಯ ಮುಂದೆ ವಸ್ತು ಎಲ್ಲಿದ್ದರೆ ಪ್ರತಿಬಿಂಬ ಎಲ್ಲಿ ಬೀಳುತ್ತದೆ ಅಂತ ತೋರಿಸಲು ಆರು ಚಿತ್ರ. ಎಷ್ಟೋ ವರ್ಷ ಆ ಆರನ್ನೂ ಕರಿಹಲಗೆ ಮೇಲೆ ಬಿಡಿಸಿದ್ದೇನೆ. ಮಕ್ಕಳು ಆರನ್ನೂ ಉರು ಹೊಡೆದು, ಪರೀಕ್ಷೆಯಲ್ಲಿ ಸ್ಕೇಲ್ ಇಟ್ಟು ಚೆನ್ನಾಗಿಯೇ ಬರೆಯುತ್ತಿದ್ದರು. ಅಂಕವೂ ಬರುತ್ತಿತ್ತು. ಆದರೆ ಆ ಆರೂ ಒಂದೇ ಓಟದ ಆರು ನಿಲ್ದಾಣ ಅನ್ನುವುದು ಮಾತ್ರ ಅವರಿಗೆ ಹೊಳೆಯುತ್ತಿರಲಿಲ್ಲ.

ಒಂದು ವರ್ಷ ಪ್ರೊಜೆಕ್ಟರ್ ಹಾಕಿ, ಜಿಯೋಜೀಬ್ರಾ ಅನ್ನುವ ಗಣಿತದ ಸಾಫ್ಟ್‌ವೇರಿನಲ್ಲಿ ಅದೇ ಕನ್ನಡಿ ತೆರೆದೆ. ಮೇಣದಬತ್ತಿಯನ್ನು ಮೌಸಿನಲ್ಲಿ ಹಿಡಿದು ನಿಧಾನವಾಗಿ ಕನ್ನಡಿಯ ಕಡೆ ಎಳೆದೆ. ತಲೆಕೆಳಗಾದ ಪ್ರತಿಬಿಂಬ ಕನ್ನಡಿಯಿಂದ ದೂರ ಸರಿಯುತ್ತಾ ದೊಡ್ಡದಾಗುತ್ತಾ ಹೋಯಿತು. ಬತ್ತಿ ಸಂಗಮ ಬಿಂದುವಿನ, ಅಂದರೆ ದೂರದ ಬೆಳಕನ್ನು ಕನ್ನಡಿ ಒಟ್ಟುಗೂಡಿಸುವ ಜಾಗದ, ಹತ್ತಿರ ಬಂದಾಗ ಪ್ರತಿಬಿಂಬ ಪರದೆಯನ್ನೇ ದಾಟಿ ಹೋಯಿತು. ಇನ್ನೊಂದು ಚೂರು ಎಳೆದೆ. ಈಗ ಕನ್ನಡಿಯ ಹಿಂದೆ ನೆಟ್ಟಗೆ ನಿಂತ ದೊಡ್ಡ ಮೇಣದಬತ್ತಿ ಕಾಣಿಸಿತು. ಎರಡನೇ ಬೆಂಚಿನ ಹುಡುಗಿ ಎದ್ದು ನಿಂತಳು. "ಸರ್, ಈ ಕಡೆ ಓಡಿಹೋಗಿದ್ದು ಆ ಕಡೆಯಿಂದ ಹೆಂಗೆ ಬಂತು?"

ಆ ಪಾಠದಲ್ಲಿ ಅಷ್ಟು ವರ್ಷ ಯಾರೂ ಕೇಳದ ಪ್ರಶ್ನೆ ಅದು. ನಾನು ಪ್ರೊಜೆಕ್ಟರ್ ಆರಿಸಿದೆ. ಬಿಸಿಯೂಟದ ಅಡುಗೆಮನೆಯಿಂದ ಹೊಸ ಸ್ಟೀಲ್ ಸೌಟುಗಳನ್ನು ತರಿಸಿದೆ. ಸೌಟಿನ ಒಳಮೈಯಲ್ಲಿ ಎಲ್ಲರ ಮುಖವೂ ತಲೆಕೆಳಗು. ಬೆರಳಿನ ತುದಿಯನ್ನು ಸೌಟಿಗೆ ತಾಗಿಸುವಷ್ಟು ಹತ್ತಿರ ತಂದರೆ ಅದು ನೆಟ್ಟಗೆ, ದಪ್ಪಗೆ. ಮರುದಿನ ಒಬ್ಬ ಹುಡುಗ ಅವರಪ್ಪನ ಶೇವಿಂಗ್ ಕನ್ನಡಿ ತಂದ. ಆರು ಚಿತ್ರಗಳನ್ನು ಆಮೇಲೆ ಅವರೇ ಬಿಡಿಸಿದರು.

ಶಾಲೆಗೆ ತಂತ್ರಜ್ಞಾನ ಬೇಕಾ ಬೇಡವಾ ಅಂತ ಯಾರಾದರೂ ಕೇಳಿದರೆ ನನಗೆ ಈ ಪಾಠವೇ ನೆನಪಾಗುತ್ತದೆ. ಸೀಮೆಸುಣ್ಣದ ಕೈಲಾಗದ ಒಂದು ಕೆಲಸವನ್ನು ಪ್ರೊಜೆಕ್ಟರ್ ಮಾಡಿತು. ನಿಂತ ಚಿತ್ರವನ್ನು ಓಡಿಸಿತು. ಅದಕ್ಕೆ ಹಿಡಿದದ್ದು ನಾಲ್ಕು ನಿಮಿಷ. ಉಳಿದ ಪೀರಿಯಡ್ ನಡೆದದ್ದು ಆ ಹುಡುಗಿಯ ಪ್ರಶ್ನೆಯಿಂದ, ಸೌಟಿನಿಂದ.

"ತಂತ್ರಜ್ಞಾನ" ಅಂತ ಒಂದೇ ಹೆಸರಿಟ್ಟು ಮಾತಾಡುವುದರಿಂದಲೇ ಅರ್ಧ ಗೊಂದಲ. ಶಾಲೆಯಲ್ಲಿ ಯಂತ್ರಗಳಿಂದ ನಾವು ಬೇರೆ ಬೇರೆ ಕೆಲಸ ಮಾಡಿಸುತ್ತೇವೆ. ಒಂದು, ತೋರಿಸುವುದು: ವಿಡಿಯೋ, ಚಿತ್ರ, ಚಲಿಸುವ ಮಾದರಿ. ಇನ್ನೊಂದು, ಅಭ್ಯಾಸ ಮಾಡಿಸುವುದು: ಮಗು ಲೆಕ್ಕ ಮಾಡುತ್ತದೆ, ಸರಿಯೋ ತಪ್ಪೋ ಅಂತ ಸಾಫ್ಟ್‌ವೇರ್ ಹೇಳುತ್ತದೆ. ಮತ್ತೊಂದು, ಮೇಷ್ಟ್ರು ಇಲ್ಲದ ಕಡೆಗೆ ಪಾಠ ಮುಟ್ಟಿಸುವುದು. ಇದರ ಜೊತೆಗೆ ಹಾಜರಿ, ಅಂಕ, ಊಟದ ಲೆಕ್ಕ ಇಡುವುದು. ಒಂದರ ಲಾಭ ಇನ್ನೊಂದಕ್ಕೆ ಬರುವುದಿಲ್ಲ. ಒಂದರ ನಷ್ಟ ಇನ್ನೊಂದಕ್ಕೆ ತಟ್ಟುವುದೂ ಇಲ್ಲ.

ದೂರಕ್ಕೆ ಪಾಠ ಮುಟ್ಟಿಸುವ ಕೆಲಸ ನಮ್ಮಲ್ಲಿ ಹೊಸದೇನಲ್ಲ. 1975ರ ಆಗಸ್ಟ್ 1ರಿಂದ ಒಂದು ವರ್ಷ, ಅಮೆರಿಕದ ನಾಸಾ ಕೊಟ್ಟ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಇಸ್ರೋ ಟಿವಿ ಪಾಠ ಕಳಿಸಿತು. ಸೈಟ್ ಅಂತ ಅದರ ಹೆಸರು. ಕರ್ನಾಟಕದಲ್ಲಿ ಆಗಿನ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳು ಅದರಲ್ಲಿದ್ದವು. ಕೋಳಿ ಗೂಡಿಗೆ ಹಾಕುವಂಥ ತಂತಿ ಬಲೆಯ ಹತ್ತು ಅಡಿ ಅಗಲದ ಆಂಟೆನಾ, ಶಾಲೆಯಲ್ಲೋ ಪಂಚಾಯ್ತಿಯಲ್ಲೋ ಇಟ್ಟ ಒಂದು ಟಿವಿ, ಬೆಳಗ್ಗೆ ಮಕ್ಕಳಿಗೆ ಅವರ ಭಾಷೆಯಲ್ಲೇ ಕಾರ್ಯಕ್ರಮ. ಆಮೇಲೆ ರೇಡಿಯೋ ಪಾಠಗಳು ಬಂದವು. "ಚಿನ್ನರ ಚುಕ್ಕಿ" ಕೇಳಿಸಿಕೊಂಡು ಚಪ್ಪಾಳೆ ತಟ್ಟಿದ ಮಕ್ಕಳು ಈಗ ಅಪ್ಪ ಅಮ್ಮ ಆಗಿರಬೇಕು. 2004ರ ಸೆಪ್ಟೆಂಬರಿನಲ್ಲಿ ಶಿಕ್ಷಣಕ್ಕೆಂದೇ ಎಜುಸ್ಯಾಟ್ ಉಪಗ್ರಹ ಹಾರಿತು. ಚಾಮರಾಜನಗರ ಜಿಲ್ಲೆಯ ನೂರಾರು ಪ್ರಾಥಮಿಕ ಶಾಲೆಗಳ ಮೇಲೆ ಡಿಶ್ ಕೂತವು. ಈಗ ಪಠ್ಯಪುಸ್ತಕದ ಪುಟದಲ್ಲೇ ಕ್ಯೂಆರ್ ಕೋಡ್ ಇದೆ. ಸ್ಕ್ಯಾನ್ ಮಾಡಿದರೆ ಸರ್ಕಾರದ ಕಲಿಕಾ ಜಾಲತಾಣ ದೀಕ್ಷಾದಲ್ಲಿ ಆ ಪಾಠ ತೆರೆದುಕೊಳ್ಳುತ್ತದೆ.

ಐವತ್ತು ವರ್ಷದಲ್ಲಿ ಯಂತ್ರ ಮತ್ತೆ ಮತ್ತೆ ಬದಲಾಗಿದೆ. ಪ್ರತಿ ಸಲವೂ ಎದುರಾದ ಪ್ರಶ್ನೆ ಒಂದೇ. ಪಾಠ ಮುಗಿದ ಮೇಲೆ "ನಿಂಗೆ ಏನು ಅರ್ಥ ಆಯ್ತು, ಹೇಳು" ಅಂತ ಆ ಮಗುವನ್ನು ಕೇಳುವವರು ಯಾರು?

ನೋಡಿದ್ದೆಲ್ಲ ಕಲಿತಂತಲ್ಲ

ಸ್ಮಾರ್ಟ್ ಕ್ಲಾಸಿನಲ್ಲಿ ಜಾಸ್ತಿ ನಡೆಯುವುದು ವಿಡಿಯೋ ಹಾಕುವುದು. ಹೃದಯದ ಕವಾಟ ತೆರೆದು ಮುಚ್ಚುವುದು, ಜ್ವಾಲಾಮುಖಿ ಉಕ್ಕುವುದು, ಚಂದ್ರ ದಿನದಿನಕ್ಕೆ ಹಿಗ್ಗಿ ಕುಗ್ಗುವುದು. ಇವನ್ನು ಮಾತಿನಲ್ಲಿ ಹೇಳುವುದು ಕಷ್ಟ. ತೋರಿಸಿದರೆ ಒಂದೇ ನಿಮಿಷ. ಈ ಲಾಭ ನಿಜ.

ಆದರೆ ಒಂದು ವರ್ಷ ನಾನೇ ಮಾಡಿದ ತಪ್ಪು ಹೇಳುತ್ತೇನೆ. ರಕ್ತಪರಿಚಲನೆಯ ಒಂದು ಉದ್ದನೆಯ ವಿಡಿಯೋ ಇತ್ತು. ಪೀರಿಯಡ್ ಪೂರ್ತಿ ಓಡಿಸಿದೆ. ಮಕ್ಕಳು ಕಣ್ಣು ಮಿಟುಕಿಸದೆ ನೋಡಿದರು. "ಅರ್ಥ ಆಯ್ತಾ?" ಅಂದರೆ "ಆಯ್ತು ಸರ್" ಅಂತ ಒಕ್ಕೊರಲು. ಮಾರನೆಯ ದಿನ ಖಾಲಿ ಹಾಳೆ ಕೊಟ್ಟು, ರಕ್ತ ಶ್ವಾಸಕೋಶಕ್ಕೆ ಹೋಗಿ ವಾಪಸ್ ಬರುವ ದಾರಿ ಬರೆಯಿರಿ ಅಂದೆ. ಮೂರು ಜನ ಬರೆದರು. ಅವರು ಮೊದಲೇ ಪುಸ್ತಕ ಓದಿದ್ದವರು.

ಹೀಗಾಗಲು ಕಾರಣ ಇದೆ. ಚೆನ್ನಾಗಿ ಮಾಡಿದ ವಿಡಿಯೋ ಸರಾಗವಾಗಿ ಹರಿಯುತ್ತದೆ. ಆ ಸರಾಗವನ್ನೇ ಮನಸ್ಸು "ನನಗೆ ಗೊತ್ತಾಯಿತು" ಅಂದುಕೊಳ್ಳುತ್ತದೆ. ನೆನಪು ಗಟ್ಟಿಯಾಗುವುದು ಬೇರೆ ರೀತಿಯಲ್ಲಿ. ತಲೆಯೊಳಗಿಂದ ವಿಷಯವನ್ನು ತಡಕಾಡಿ ಹೊರಗೆ ಎಳೆದಾಗ ಅದು ಗಟ್ಟಿಯಾಗುತ್ತದೆ. ರೋಡಿಗರ್, ಕಾರ್ಪಿಕ್ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು 2006ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನು ಚೆನ್ನಾಗಿ ತೋರಿಸುತ್ತದೆ. ಕೆಲವರು ಒಂದು ಪಾಠವನ್ನು ಮತ್ತೆ ಮತ್ತೆ ಓದಿದರು. ಇನ್ನು ಕೆಲವರು ಓದಿ, ಪುಸ್ತಕ ಮುಚ್ಚಿ, ನೆನಪಾದಷ್ಟು ಬರೆದರು. ಐದು ನಿಮಿಷ ಬಿಟ್ಟು ಕೇಳಿದಾಗ ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದಾಗ ಪುಸ್ತಕ ಮುಚ್ಚಿ ಬರೆದವರು ಮುಂದೆ ಬಂದಿದ್ದರು.

ಈಗ ವಿಡಿಯೋ ಹಾಕಿದರೆ ಎರಡು ನಿಮಿಷಕ್ಕೊಮ್ಮೆ ನಿಲ್ಲಿಸುತ್ತೇನೆ. "ಈಗ ರಕ್ತ ಎಲ್ಲಿಗೆ ಹೋಗುತ್ತೆ? ಬರೆಯಿರಿ, ಆಮೇಲೆ ನೋಡೋಣ." ತಪ್ಪು ಬರೆದವರೇ ಮುಂದಿನ ಭಾಗವನ್ನು ಹೆಚ್ಚು ಗಮನವಿಟ್ಟು ನೋಡುತ್ತಾರೆ. ಎಂಟು ನಿಮಿಷದ ವಿಡಿಯೋ ನಲವತ್ತು ನಿಮಿಷ ತೆಗೆದುಕೊಳ್ಳುತ್ತದೆ. ಪಾಠ ಮುಗಿಸುವ ಆತುರ ಇದ್ದವರಿಗೆ ಇದು ಇಷ್ಟ ಆಗಲ್ಲ. ಆದರೆ ಇನ್ನೊಂದು ದಾರಿ ನನಗೆ ಕಂಡಿಲ್ಲ.

ಓದುವ ವಿಷಯವೂ ಹೀಗೇ. ಕಾಗದದ ಮೇಲೆ ಓದುವುದು, ಪರದೆ ಮೇಲೆ ಓದುವುದು ಎರಡನ್ನೂ ಹೋಲಿಸಿದ 54 ಅಧ್ಯಯನಗಳನ್ನು ಸಂಶೋಧಕರು 2018ರಲ್ಲಿ ಒಟ್ಟು ಸೇರಿಸಿ ನೋಡಿದರು. ಒಟ್ಟು 1,70,000ಕ್ಕೂ ಹೆಚ್ಚು ಜನ. ಮಾಹಿತಿಯ ಬರಹವನ್ನು ಅರ್ಥ ಮಾಡಿಕೊಳ್ಳುವುದರಲ್ಲಿ ಕಾಗದವೇ ಮೇಲಾಯಿತು. ಸಮಯದ ಒತ್ತಡ ಇದ್ದಾಗ ಅಂತರ ಇನ್ನೂ ಜಾಸ್ತಿ. ಶಾಲೆಗಳಲ್ಲಿ ಟ್ಯಾಬ್ ತುಂಬಿದ್ದ ಸ್ವೀಡನ್ 2023ರಲ್ಲಿ ಅಚ್ಚಾದ ಪಠ್ಯಪುಸ್ತಕ ಕೊಳ್ಳಲು ಶಾಲೆಗಳಿಗೆ ಮತ್ತೆ ಹಣ ಕೊಟ್ಟಿತು. ನಮ್ಮ ಮಕ್ಕಳ ಕೈಗೆ ಜೂನ್ ತಿಂಗಳಲ್ಲಿ ಬರುವ ಹೊಸ ಪುಸ್ತಕ, ಅದಕ್ಕೆ ಅವರು ಹಾಕುವ ಕಂದು ಬಣ್ಣದ ರಟ್ಟು, ಇದನ್ನೆಲ್ಲ ಹಳೇ ಕಾಲದ್ದು ಅಂತ ತಳ್ಳಬೇಡಿ.

ಹಿಂದುಳಿದ ಮಗುವಿಗೆ ನಿಜವಾದ ಲಾಭ

ಅಭ್ಯಾಸ ಮಾಡಿಸುವ ಕೆಲಸಕ್ಕೆ ಬರುತ್ತೇನೆ. ನನ್ನ ಮಟ್ಟಿಗೆ ಕಂಪ್ಯೂಟರಿನ ದೊಡ್ಡ ಭರವಸೆ ಇರುವುದು ಇಲ್ಲಿ.

ಎಂಟನೇ ಕ್ಲಾಸಿಗೆ ಸೇರುವ ನಲವತ್ತು ಮಕ್ಕಳಲ್ಲಿ ಕೆಲವರಿಗೆ ಭಾಗಾಕಾರ ಬರುವುದಿಲ್ಲ. ಕೆಲವರಿಗೆ ಭಿನ್ನರಾಶಿ ಅಂದರೆ ಭಯ. ಕೆಲವರಿಗೆ ಎಲ್ಲ ಬರುತ್ತದೆ. ಪುಸ್ತಕದಲ್ಲಿ ಬೀಜಗಣಿತ. ಒಬ್ಬ ಮೇಷ್ಟ್ರು ಒಂದೇ ಪೀರಿಯಡ್‌ನಲ್ಲಿ ನಲವತ್ತು ಮೆಟ್ಟಿಲಲ್ಲಿ ನಿಂತವರಿಗೆ ಪಾಠ ಮಾಡಲು ಆಗುವುದಿಲ್ಲ. ಹಾಗಾಗಿ ಪುಸ್ತಕದ ಮೆಟ್ಟಿಲಲ್ಲೇ ಪಾಠ ನಡೆಯುತ್ತದೆ. ಕೆಳಗಿನ ಮೆಟ್ಟಿಲಲ್ಲಿರುವವರು ಸುಮ್ನೆ ಬೋರ್ಡ್ ನೋಡಿ ಬರೆದುಕೊಳ್ಳುತ್ತಾರೆ. ಅವರ ನೋಟ್ಸ್ ಅಚ್ಚುಕಟ್ಟಾಗಿರುತ್ತದೆ. ಅದನ್ನು ನೋಡಿದಾಗಲೆಲ್ಲ ನನಗೆ ಸಂಕಟ.

ದೆಹಲಿಯಲ್ಲಿ 2015-16ರಲ್ಲಿ ಕಾರ್ತಿಕ್ ಮುರಳೀಧರನ್, ಅಭಿಜೀತ್ ಸಿಂಗ್, ಅಲೆಜಾಂಡ್ರೋ ಗಾನಿಮಿಯಾನ್ ಎಂಬ ಸಂಶೋಧಕರು ಈ ಗಂಟನ್ನೇ ಹಿಡಿದರು. ಆರರಿಂದ ಒಂಬತ್ತನೇ ಕ್ಲಾಸಿನ 619 ಮಕ್ಕಳು. ಚೀಟಿ ಎತ್ತಿ ಅರ್ಧದಷ್ಟು ಮಕ್ಕಳಿಗೆ ಶಾಲೆ ಆದ ಮೇಲೆ ಮೈಂಡ್‌ಸ್ಪಾರ್ಕ್ ಎಂಬ ಸಾಫ್ಟ್‌ವೇರ್ ಇದ್ದ ಕೇಂದ್ರಕ್ಕೆ ಬರುವ ಅವಕಾಶ. ಮುಕ್ಕಾಲು ಗಂಟೆ ಕಂಪ್ಯೂಟರ್ ಮುಂದೆ, ಮುಕ್ಕಾಲು ಗಂಟೆ ಹದಿನೈದರೊಳಗಿನ ಗುಂಪಿನಲ್ಲಿ ಒಬ್ಬ ಬೋಧಕರ ಜೊತೆ. ಪರೀಕ್ಷೆ ಮಾಡಿ ನೋಡಿದರೆ ಆರನೇ ಕ್ಲಾಸಿನ ಮಗು ಗಣಿತದಲ್ಲಿ ಸರಾಸರಿ ಎರಡೂವರೆ ತರಗತಿ ಹಿಂದಿತ್ತು. ಸಾಫ್ಟ್‌ವೇರ್ ಪುಸ್ತಕದ ಮೆಟ್ಟಿಲನ್ನು ಬಿಟ್ಟು, ಮಗು ನಿಂತ ಮೆಟ್ಟಿಲಿನಿಂದ ಶುರು ಮಾಡಿತು. ನಾಲ್ಕೂವರೆ ತಿಂಗಳಲ್ಲಿ ಈ ಮಕ್ಕಳು ಗಣಿತದಲ್ಲೂ ಹಿಂದಿಯಲ್ಲೂ ಉಳಿದವರಿಗಿಂತ ಸ್ಪಷ್ಟವಾಗಿ ಮುಂದೆ ಹೋದರು. ತೀರಾ ಹಿಂದಿದ್ದ ಮಕ್ಕಳಿಗೂ ಲಾಭ ಸಿಕ್ಕಿತು. ಮಾಮೂಲಿ ತರಗತಿಯಲ್ಲಿ ಆ ಮಕ್ಕಳು ಹೆಚ್ಚುಕಡಿಮೆ ಏನೂ ಮುಂದೆ ಹೋಗಿರಲಿಲ್ಲ.

ಇದಕ್ಕೂ ಮುಂಚೆ ವಡೋದರಾದಲ್ಲಿ ನಾಲ್ಕನೇ ಕ್ಲಾಸಿನ ಮಕ್ಕಳಿಗೆ ವಾರಕ್ಕೆ ಎರಡು ಗಂಟೆ ಗಣಿತದ ಆಟ ಆಡಿಸಿ ನೋಡಿದ್ದರು. ಒಂದು ಕಂಪ್ಯೂಟರಿಗೆ ಇಬ್ಬರು ಮಕ್ಕಳು. ಗಣಿತ ಚೆನ್ನಾಗಿ ಸುಧಾರಿಸಿತು. ಆದರೆ ಆಟ ನಿಂತು ವರ್ಷ ಕಳೆದ ಮೇಲೆ ನೋಡಿದರೆ ಲಾಭದ ಬಹುಪಾಲು ಕರಗಿತ್ತು.

ಈಗ ಪೆರು ದೇಶದ ಕಥೆ ಕೇಳಿ. ಅಲ್ಲಿ ಬಡ ಹಳ್ಳಿಗಳ ಮಕ್ಕಳಿಗೆ ಒಬ್ಬೊಬ್ಬರಿಗೊಂದು ಲ್ಯಾಪ್‌ಟಾಪ್ ಅಂತ 8,50,000ಕ್ಕೂ ಜಾಸ್ತಿ ಹಂಚಿದರು. ಇಂಟರ್ ಅಮೆರಿಕನ್ ಡೆವಲಪ್‌ಮೆಂಟ್ ಬ್ಯಾಂಕ್ 319 ಶಾಲೆಗಳನ್ನು ಅಧ್ಯಯನ ಮಾಡಿ 2012ರಲ್ಲಿ ವರದಿ ಕೊಟ್ಟಿತು. ಗಣಿತದಲ್ಲಿ ಆಗಲಿ ಭಾಷೆಯಲ್ಲಿ ಆಗಲಿ ಕಲಿಕೆ ಹೆಚ್ಚಿದ್ದಕ್ಕೆ ಪುರಾವೆ ಸಿಗಲಿಲ್ಲ. ಯಂತ್ರ ಕೈಗೆ ಬಂದಿತ್ತು. ಅದರಲ್ಲಿ ಏನು ಕಲಿಯಬೇಕು, ತಪ್ಪಿದರೆ ತಿದ್ದುವವರು ಯಾರು ಅನ್ನುವುದು ಬಂದಿರಲಿಲ್ಲ. ಶಾಲೆಗಳ ಕಂಪ್ಯೂಟರಿಗೆ ತುಂಬಾ ದುಡ್ಡು ಸುರಿದ ದೇಶಗಳಲ್ಲಿ ಓದು, ಗಣಿತ, ವಿಜ್ಞಾನದ ಫಲಿತಾಂಶ ಹೇಳಿಕೊಳ್ಳುವಂತೆ ಏರಿಲ್ಲ ಅಂತ ಬಹುತೇಕ ಶ್ರೀಮಂತ ದೇಶಗಳ ಒಕ್ಕೂಟವಾದ ಒಇಸಿಡಿ ಕೂಡ 2015ರಲ್ಲಿ ಹೇಳಿತು.

ದೆಹಲಿಗೂ ಪೆರುವಿಗೂ ಇರುವ ವ್ಯತ್ಯಾಸ ನಮ್ಮ ಕನ್ನಡ ಶಾಲೆಯವರಿಗೆ ಬೇಗ ಅರ್ಥ ಆಗಬೇಕು. ಯಾಕೆಂದರೆ ದೆಹಲಿಯ ಸಾಫ್ಟ್‌ವೇರ್ ಮಾಡಿದ ಕೆಲಸವನ್ನು ನಾವು ಕಾರ್ಡ್‌ಗಳಲ್ಲಿ ಮಾಡಿದ್ದೇವೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿ ಅದೇ ಅಲ್ವಾ? ಆಂಧ್ರದ ರಿಷಿವ್ಯಾಲಿಯ ಶಾಲೆಗಳನ್ನು ನೋಡಿ ಬಂದ ನಮ್ಮ ಮೇಷ್ಟ್ರುಗಳೇ ಕೂತು ಅದನ್ನು ಕಟ್ಟಿದರು. ಗೋಡೆಯ ಮೇಲೆ ಕಲಿಕಾ ಏಣಿ. ಪ್ರತಿ ಮೆಟ್ಟಿಲಿಗೆ ಒಂದು ಕಾರ್ಡ್. ಒಂದು, ಎರಡು, ಮೂರನೇ ಕ್ಲಾಸಿನ ಮಕ್ಕಳು ಒಟ್ಟಿಗೆ ನೆಲದ ಮೇಲೆ ಗುಂಪು ಗುಂಪಾಗಿ ಕೂತು, ತಮ್ಮ ಮೆಟ್ಟಿಲಿನ ಕಾರ್ಡ್ ತಾವೇ ತೆಗೆದುಕೊಳ್ಳುತ್ತಾರೆ. ನಾಲ್ಕು ದಿನ ಜ್ವರ ಬಂದು ಶಾಲೆ ತಪ್ಪಿದ ಮಗು ವಾಪಸ್ ಬಂದಾಗ ಬಿಟ್ಟ ಮೆಟ್ಟಿಲಿನಿಂದಲೇ ಹತ್ತುತ್ತದೆ. ಕರೆಂಟ್ ಬೇಡ, ನೆಟ್ ಬೇಡ. ಅದಕ್ಕೆ ಬೇಕಾದದ್ದು ಎಲ್ಲರ ಏಣಿಯನ್ನೂ ತಲೆಯಲ್ಲಿ ಇಟ್ಟುಕೊಳ್ಳಬಲ್ಲ ಒಬ್ಬ ಟೀಚರ್. ಆ ಭಾರ ದೊಡ್ಡದು. ಮಕ್ಕಳು ದೊಡ್ಡವರಾದಂತೆ, ವಿಷಯಗಳು ಹೆಚ್ಚಿದಂತೆ ಅದನ್ನು ಕಾರ್ಡಿನಲ್ಲಿ ನಡೆಸುವುದು ಕಷ್ಟ. ಒಳ್ಳೆಯ ಸಾಫ್ಟ್‌ವೇರ್ ಆ ಭಾರವನ್ನು ಇಳಿಸಬಲ್ಲದು. ಯಾವ ಮಗು ಎಲ್ಲಿ ಎಡವಿತು ಅಂತ ಮೇಷ್ಟ್ರಿಗೆ ತೋರಿಸಬಲ್ಲದು.

ಇದೇ ಜಾಗದಲ್ಲಿ ಈಗ ಎಐ, ಅಂದರೆ ಕೃತಕ ಬುದ್ಧಿಮತ್ತೆ ಬಂದು ನಿಂತಿದೆ. ಟರ್ಕಿಯ ಒಂದು ಪ್ರೌಢಶಾಲೆಯ ಸುಮಾರು ಸಾವಿರ ಮಕ್ಕಳ ಮೇಲೆ ನಡೆದ ಪ್ರಯೋಗ 2025ರಲ್ಲಿ ಪ್ರಕಟವಾಯಿತು. ಮಾಮೂಲಿ ಚಾಟ್‌ಬಾಟ್ ಬಳಸಿ ಗಣಿತ ಅಭ್ಯಾಸ ಮಾಡಿದ ಮಕ್ಕಳು ಅಭ್ಯಾಸದಲ್ಲಿ ಶೇ. 48ರಷ್ಟು ಉತ್ತಮ ಅಂಕ ಪಡೆದರು. ಆಮೇಲೆ ಚಾಟ್‌ಬಾಟ್ ಕಿತ್ತುಕೊಂಡು ಪರೀಕ್ಷೆ ಕೊಟ್ಟಾಗ, ಅದನ್ನು ಮುಟ್ಟದೇ ಇದ್ದವರಿಗಿಂತ ಶೇ. 17ರಷ್ಟು ಕೆಳಗಿದ್ದರು. ಇನ್ನೊಂದು ಗುಂಪಿಗೆ ಕೊಟ್ಟ ಚಾಟ್‌ಬಾಟ್ ಉತ್ತರ ಕೊಡದೆ ಸುಳಿವು ಮಾತ್ರ ಕೊಡುವಂತೆ ಮಾಡಿದ್ದರು. ಅಲ್ಲಿ ಈ ನಷ್ಟ ಬಹುಮಟ್ಟಿಗೆ ಆಗಲಿಲ್ಲ. ಹೋಮ್‌ವರ್ಕ್‌ಗೆ ಉತ್ತರ ಕೊಡುವ ಅಣ್ಣನಿಗೂ "ಎಲ್ಲಿ ತಪ್ಪಿದೆ, ಇನ್ನೊಂದು ಸಲ ನೋಡು" ಅನ್ನುವ ಅಕ್ಕನಿಗೂ ಇರುವ ವ್ಯತ್ಯಾಸ ಅಷ್ಟೇ ಇದು. ಮಗು ಫೋನ್ ಹಿಡಿದು ಹೋಮ್‌ವರ್ಕ್ ಮಾಡುತ್ತಿದ್ದರೆ ಒಮ್ಮೆ ಪಕ್ಕದಲ್ಲಿ ಕೂತು ನೋಡಿ. ಅದು ಅಣ್ಣನ ಹತ್ತಿರ ಇದೆಯೋ ಅಕ್ಕನ ಹತ್ತಿರವೋ ಐದು ನಿಮಿಷದಲ್ಲಿ ಗೊತ್ತಾಗುತ್ತದೆ.

ಕಿವಿಯಿಂದ ಓದುವ ಹುಡುಗ

ನಮ್ಮಲ್ಲಿ ಕಣ್ಣು ಕಾಣದ ಒಬ್ಬ ಹುಡುಗ ಇದ್ದ. ಎನ್‌ವಿಡಿಎ ಅನ್ನುವ ಸಾಫ್ಟ್‌ವೇರ್ ಕಂಪ್ಯೂಟರ್ ಪರದೆಯ ಮೇಲಿನ ಬರಹವನ್ನು ಗಟ್ಟಿಯಾಗಿ ಓದಿ ಹೇಳುತ್ತದೆ. ಬಿಟ್ಟಿಯಾಗಿ ಸಿಗುತ್ತದೆ. ಕನ್ನಡವನ್ನೂ ಓದುತ್ತದೆ. ದನಿ ಸ್ವಲ್ಪ ಯಂತ್ರದ ಹಾಗೆ ಕೀರಲು. ಅವನಿಗೆ ಅದು ಅಡ್ಡಿಯೇ ಆಗಲಿಲ್ಲ. ನನಗೆ ಒಂದು ಪದವೂ ತಿಳಿಯದಷ್ಟು ವೇಗದಲ್ಲಿ ಇಟ್ಟುಕೊಂಡು ಕೇಳುತ್ತಿದ್ದ. ಅಲ್ಲಿಯವರೆಗೆ ಅವನಿಗೆ ಯಾರಾದರೂ ಓದಿ ಹೇಳಬೇಕಿತ್ತು. ಅವರಿಗೆ ಬಿಡುವಾದಾಗ ಮಾತ್ರ ಓದು. ಈಗ ಬೇಕೆಂದಾಗ ಓದಿದ. ಒಂದೇ ವಾಕ್ಯವನ್ನು ಹತ್ತು ಸಲ ಓದಿಸಿಕೊಂಡ. ಯಾರಿಗೂ ಬೇಸರವಾಗುತ್ತದೆ ಅನ್ನುವ ಅಂಜಿಕೆ ಇಲ್ಲ.

ತಂತ್ರಜ್ಞಾನದಿಂದ ಏನು ಲಾಭ ಅಂತ ಪಟ್ಟಿ ಮಾಡುವವರು ಇದನ್ನು ಕೊನೆಯಲ್ಲಿ ಒಂದು ಸಾಲಿನಲ್ಲಿ ಹೇಳಿ ಮುಗಿಸುತ್ತಾರೆ. ನಾನು ಇದನ್ನೇ ಮೊದಲು ಇಡುತ್ತೇನೆ. ಬೇರೆ ಮಕ್ಕಳಿಗೆ ಕಂಪ್ಯೂಟರ್ ಒಂದು ಅನುಕೂಲ. ಅವನಿಗೆ ಅದೇ ಪುಸ್ತಕ.

ಅಲ್ಲೂ ಒಂದು ತೊಡಕು ಬಂತು. ಅದು ನಮ್ಮ ಭಾಷೆಯದೇ ತೊಡಕು. ಯಾರೋ ಒಳ್ಳೆಯ ಮನಸ್ಸಿನಿಂದ ಕೊಟ್ಟ ನೋಟ್ಸಿನ ಫೈಲ್ ತೆರೆದರೆ ಸಾಫ್ಟ್‌ವೇರ್ ಅರ್ಥವಿಲ್ಲದ ಸದ್ದು ಮಾಡತೊಡಗಿತು. ಹಳೆಯ ಅಕ್ಷರವಿನ್ಯಾಸದಲ್ಲಿ ಟೈಪ್ ಮಾಡಿದ ಕನ್ನಡ ಅದು. ಕಣ್ಣಿಗೆ ಕನ್ನಡ ಕಾಣುತ್ತದೆ. ಒಳಗೆ ಕಂಪ್ಯೂಟರಿಗೆ ಅದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ರಾಶಿ. ಎಲ್ಲ ಭಾಷೆಯ ಅಕ್ಷರಕ್ಕೂ ಬೇರೆ ಬೇರೆ ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಇದ್ದರೆ ಮಾತ್ರ ಅದು ಕನ್ನಡ ಅಂತ ಯಂತ್ರಕ್ಕೆ ಗೊತ್ತಾಗುತ್ತದೆ. ಪುಸ್ತಕದ ಪುಟದ ಫೋಟೋ ತೆಗೆದು ಪಿಡಿಎಫ್ ಮಾಡಿದ್ದರೂ ಅಷ್ಟೇ, ಅದರೊಳಗೆ ಅಕ್ಷರಗಳೇ ಇಲ್ಲ. ನಮ್ಮ ಇಬ್ಬರು ಟೀಚರ್‌ಗಳು ರಜೆಯಲ್ಲಿ ಕೂತು ಆ ನೋಟ್ಸನ್ನು ಯೂನಿಕೋಡಿಗೆ ಬದಲಾಯಿಸಿ, ಒತ್ತು ಕೊಂಬು ಎಲ್ಲ ತಿದ್ದಿದರು. ನೀವು ಕನ್ನಡದಲ್ಲಿ ಪಾಠದ ಸಾಮಗ್ರಿ ಮಾಡುವವರಾಗಿದ್ದರೆ ದಯವಿಟ್ಟು ಇದೊಂದನ್ನು ಗಮನಿಸಿ. ಯೂನಿಕೋಡ್‌ನಲ್ಲೇ ಟೈಪ್ ಮಾಡಿ.

ಶಾಲೆ ಮುಚ್ಚಿದ್ದಾಗ

2020ರ ಮಾರ್ಚಿನಲ್ಲಿ ಶಾಲೆಗಳು ಮುಚ್ಚಿದವು. ಒಂದರಿಂದ ಐದನೇ ಕ್ಲಾಸಿನ ಮಕ್ಕಳಿಗೆ ಪೂರ್ತಿ ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ಒಂದೂವರೆ ವರ್ಷಕ್ಕೂ ಜಾಸ್ತಿ. ಆ ಕಾಲದಲ್ಲಿ ದೂರದರ್ಶನ ಚಂದನದಲ್ಲಿ "ಸಂವೇದ" ಪಾಠಗಳು ಬಂದವು. ವಾಟ್ಸಾಪ್ ಗುಂಪುಗಳಾದವು. ಸ್ಮಾರ್ಟ್‌ಫೋನ್ ಇದ್ದ ಮನೆಗಳಲ್ಲೂ ಅದು ಒಂದೇ. ಅದು ಬೆಳಗ್ಗೆ ಅಪ್ಪನ ಜೇಬಿನಲ್ಲಿ ಕೆಲಸಕ್ಕೆ ಹೋಗುತ್ತಿತ್ತು. ರಾತ್ರಿ ಎಂಟಕ್ಕೆ ವಾಪಸ್ ಬಂದಾಗ ಡೇಟಾ ಮುಗಿದಿರುತ್ತಿತ್ತು. ಮನೆಯಲ್ಲಿ ಇಬ್ಬರು ಮಕ್ಕಳಿದ್ದರೆ ಮೊದಲ ಸರದಿ ಹುಡುಗನಿಗೆ. ಇದನ್ನು ನಾನು ಒಂದಲ್ಲ, ಹಲವು ಮನೆಗಳಲ್ಲಿ ನೋಡಿದೆ.

2020ರ ಆಗಸ್ಟಿನಲ್ಲಿ ಸರ್ಕಾರ ವಿದ್ಯಾಗಮ ಶುರು ಮಾಡಿತು. ಗುಡಿಯ ಕಟ್ಟೆ, ಅರಳಿ ಮರದ ನೆರಳು, ಯಾರದೋ ಜಗಲಿ, ಅಲ್ಲಿ ಹತ್ತಿಪ್ಪತ್ತು ಮಕ್ಕಳು. ವಠಾರ ಶಾಲೆ ಅಂತ ಕರೆದೆವು. ಸೋಂಕು ಹೆಚ್ಚಿದಾಗ ಅಕ್ಟೋಬರಿನಲ್ಲಿ ಅದೂ ನಿಂತಿತು, ಜನವರಿಯಲ್ಲಿ ಮತ್ತೆ ಶುರುವಾಯಿತು. ಫೋನಿನಲ್ಲಿ "ಹೂಂ ಸರ್, ಅರ್ಥ ಆಯ್ತು ಸರ್" ಅಂದಿದ್ದ ಮಕ್ಕಳು ಕಟ್ಟೆಯ ಮೇಲೆ ಕೂತು ಎರಡಂಕಿಯ ಕಳೆಯುವ ಲೆಕ್ಕಕ್ಕೆ ತಡವರಿಸಿದರು. 2021ರ ಜನವರಿಯಲ್ಲಿ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದವರು ಕರ್ನಾಟಕವೂ ಸೇರಿ ಐದು ರಾಜ್ಯಗಳ 16,067 ಮಕ್ಕಳನ್ನು ನೋಡಿದರು. ಶೇ. 92ರಷ್ಟು ಮಕ್ಕಳು ಹಿಂದಿನ ವರ್ಷ ಇದ್ದ ಭಾಷೆಯ ಒಂದಾದರೂ ಸಾಮರ್ಥ್ಯವನ್ನು ಕಳೆದುಕೊಂಡಿದ್ದರು. ಗಣಿತದಲ್ಲಿ ಶೇ. 82. ಹೊಸದನ್ನು ಕಲಿಯದೇ ಇದ್ದದ್ದು ಒಂದು ಕಡೆ ಇರಲಿ, ಬಂದಿದ್ದನ್ನೇ ಮರೆತಿದ್ದರು.

ಆನ್‌ಲೈನ್ ಪಾಠವನ್ನು ನಾನು ಹಳಿಯುತ್ತಿಲ್ಲ. ಏನೂ ಇಲ್ಲದ ಹೊತ್ತಿನಲ್ಲಿ ಅದು ಒಂದು ಎಳೆಯನ್ನಾದರೂ ಹಿಡಿದಿತ್ತು. ಮಗುವಿನ ಮುಖ ನೋಡದೆ ಪಾಠ ಮಾಡುವುದು ಏನು ಅಂತ ಆಗ ತಿಳಿಯಿತು. ಅರ್ಥ ಆಗದ ಮಗುವಿನ ಹುಬ್ಬು ಗಂಟಾಗುತ್ತದೆ. ಪೆನ್ನಿನ ತುದಿ ಬಾಯಿಗೆ ಹೋಗುತ್ತದೆ. ತರಗತಿಯಲ್ಲಿ ಅದು ಕಂಡ ಕೂಡಲೇ ನಾವು ಮಾತು ಬದಲಾಯಿಸುತ್ತೇವೆ.

ಬೆಲೆ ಕಟ್ಟುವವರು ಯಾರು

ಕೆಲವು ನಷ್ಟಗಳು ಕಣ್ಣಿಗೆ ಬೇಗ ಬೀಳುತ್ತವೆ. ಫೋನ್ ಅದರಲ್ಲಿ ಒಂದು. ಹಳ್ಳಿ ಮಕ್ಕಳ ಕಲಿಕೆ ಅಳೆಯುವ 2024ರ ಅಸರ್ ಸಮೀಕ್ಷೆಯಲ್ಲಿ 14ರಿಂದ 16 ವರ್ಷದ ಗ್ರಾಮೀಣ ಮಕ್ಕಳಲ್ಲಿ ಶೇ. 82 ಜನಕ್ಕೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತಿತ್ತು. ಅವರಲ್ಲಿ ಹಿಂದಿನ ವಾರ ಓದಿಗಾಗಿ ಬಳಸಿದವರು ಶೇ. 57, ಸಾಮಾಜಿಕ ಜಾಲತಾಣಕ್ಕೆ ಬಳಸಿದವರು ಶೇ. 76. ಓದು ಮತ್ತು ರೀಲ್ಸ್ ಒಂದೇ ಗಾಜಿನ ಹಿಂದೆ ಇರುವಾಗ ಯಾವುದು ಗೆಲ್ಲುತ್ತದೆ ಅಂತ ದೊಡ್ಡವರಾದ ನಮಗೂ ಗೊತ್ತು. ಹಾಗಾಗಿ ಪಾಠಕ್ಕೆ ಶಾಲೆಯ ಕಂಪ್ಯೂಟರ್ ಇರಲಿ, ಮಕ್ಕಳ ಸ್ವಂತ ಫೋನ್ ತರಗತಿಗೆ ಬೇಡ ಅನ್ನುವ ಕಡೆ ನಾನು.

ಕಣ್ಣಿನ ವಿಷಯ ಸ್ವಲ್ಪ ಹೇಳಬೇಕು. ಚೀನಾದ ಗುವಾಂಗ್‌ಝೌ ನಗರದಲ್ಲಿ ಒಂದನೇ ಕ್ಲಾಸಿನ ಮಕ್ಕಳನ್ನು ದಿನಕ್ಕೆ 40 ನಿಮಿಷ ಹೆಚ್ಚಾಗಿ ಬಯಲಿಗೆ ಬಿಟ್ಟರು. ಮೂರು ವರ್ಷದಲ್ಲಿ ಅವರಲ್ಲಿ ಶೇ. 30 ಮಕ್ಕಳಿಗೆ ಸಮೀಪದೃಷ್ಟಿ ಬಂತು. ಬಿಡದೇ ಇದ್ದ ಶಾಲೆಗಳಲ್ಲಿ ಶೇ. 40ರ ಹತ್ತಿರ. ಸ್ಮಾರ್ಟ್ ಕ್ಲಾಸಿಗಾಗಿ ಪಿಟಿ ಪೀರಿಯಡ್ ಕಿತ್ತುಕೊಳ್ಳುವವರು ಇದನ್ನು ನೆನಪಿಡಬೇಕು.

ಕಣ್ಣಿಗೆ ಬೀಳದ ನಷ್ಟಗಳೂ ಇವೆ. ಹ್ಯೂಮನ್ ರೈಟ್ಸ್ ವಾಚ್ ಎಂಬ ಮಾನವ ಹಕ್ಕುಗಳ ಸಂಸ್ಥೆ 2022ರಲ್ಲಿ 49 ದೇಶಗಳ 160ಕ್ಕೂ ಹೆಚ್ಚು ಕಲಿಕಾ ಆ್ಯಪ್ ಮತ್ತು ಜಾಲತಾಣಗಳನ್ನು ಪರೀಕ್ಷಿಸಿ ವರದಿ ಕೊಟ್ಟಿತು. ಅವುಗಳಲ್ಲಿ ಶೇ. 89ರಷ್ಟು ಮಕ್ಕಳ ಮಾಹಿತಿಯನ್ನು ಅವರ ಹಕ್ಕುಗಳಿಗೆ ಧಕ್ಕೆ ಬರುವ ರೀತಿಯಲ್ಲಿ ಬಳಸುತ್ತಿರುವಂತೆ ಕಂಡುಬಂತು. ನಮ್ಮ 2023ರ ದತ್ತಾಂಶ ರಕ್ಷಣೆ ಕಾಯ್ದೆಯಲ್ಲಿ 18 ವರ್ಷದೊಳಗಿನವರ ಮಾಹಿತಿಗೆ ಅಪ್ಪ ಅಮ್ಮನ ಒಪ್ಪಿಗೆ ಬೇಕು ಅಂತ ಇದೆ. ಬಿಟ್ಟಿ ಆ್ಯಪ್ ಅಂತ ಶಾಲೆ ಹೇಳಿದಾಗ, ಅದು ಮಗುವಿನ ಹೆಸರು, ನಂಬರ್, ಫೋಟೋ ಯಾಕೆ ಕೇಳುತ್ತಿದೆ ಅಂತ ಪಾಲಕರ ಸಭೆಯಲ್ಲಿ ಕೇಳಿ. ಕೇಳುವುದು ತಪ್ಪಲ್ಲ.

ಇನ್ನೊಂದು, ಮೇಷ್ಟ್ರ ಸಮಯ. ಹಾಜರಿ ಆನ್‌ಲೈನ್, ಮೊಟ್ಟೆ ಬಾಳೆಹಣ್ಣಿನ ಲೆಕ್ಕ ಆನ್‌ಲೈನ್, ಕಾರ್ಯಕ್ರಮದ ಫೋಟೋ ಆನ್‌ಲೈನ್. ಒಂದೇ ಮಾಹಿತಿಯನ್ನು ಎರಡು ಮೂರು ಕಡೆ ತುಂಬಿದ್ದೂ ಇದೆ. ಲೆಕ್ಕ ಇಡುವುದು ಸರಿ, ಅದರಿಂದ ಮಕ್ಕಳಿಗೆ ಬರಬೇಕಾದದ್ದು ಬರುತ್ತದೆ. ಆದರೆ ಸರ್ವರ್ ತೆರೆಯಲಿ ಅಂತ ಟೀಚರ್ ಫೋನ್ ಹಿಡಿದು ಕಿಟಕಿ ಹತ್ತಿರ ನಿಂತಿರುವ ಇಪ್ಪತ್ತು ನಿಮಿಷ ಮಕ್ಕಳ ಪೀರಿಯಡ್‌ನಿಂದಲೇ ಹೋಗುತ್ತದೆ. ಇಂಥ ಒಂದೊಂದು ಇಪ್ಪತ್ತು ನಿಮಿಷವನ್ನು ಕೂಡಿಸಿದರೆ ಎಷ್ಟಾಗುತ್ತದೆ ಅಂತ ಎಣಿಸುವವರು ಬೇಕು.

ಕೊನೆಯದು ಯಂತ್ರದ ಆಯಸ್ಸು. ಕೇಂದ್ರ ಸರ್ಕಾರ ಶಾಲೆಗಳ ಬಗ್ಗೆ ಇಡುವ ಯುಡೈಸ್ ಎಂಬ 2023-24ರ ಲೆಕ್ಕದಲ್ಲಿ ದೇಶದ ಶೇ. 57ರಷ್ಟು ಶಾಲೆಗಳಲ್ಲಿ ಕಂಪ್ಯೂಟರ್ ಇತ್ತು, ಶೇ. 54ರಷ್ಟರಲ್ಲಿ ಇಂಟರ್ನೆಟ್. ಇರುವುದು ಬೇರೆ, ನಡೆಯುವುದು ಬೇರೆ. ಸೀಮೆಸುಣ್ಣದ ಪುಡಿ, ಹಂಚಿನ ಸಂದಿಯ ಇಲಿ, ಕರೆಂಟಿನ ಏರಿಳಿತ, ಸತ್ತ ಯುಪಿಎಸ್ ಬ್ಯಾಟರಿ. ಕೊಳ್ಳುವ ದಿನ ಎಲ್ಲರೂ ಬಂದು ರಿಬ್ಬನ್ ಕತ್ತರಿಸುತ್ತಾರೆ. ಬ್ಯಾಟರಿ ಬದಲಾಯಿಸುವ ದಿನ ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ) ಅಧ್ಯಕ್ಷರೂ ಹೆಡ್‌ಮಾಸ್ಟರೂ ಮುಖ ಮುಖ ನೋಡಿಕೊಳ್ಳುತ್ತಾರೆ. ಹಳೆ ವಿದ್ಯಾರ್ಥಿಗಳೋ ಕಂಪನಿಯವರೋ ಬಂದು "ಸರ್, ಸ್ಮಾರ್ಟ್ ಬೋರ್ಡ್ ಕೊಡೋಣ ಅಂತಿದ್ದೀವಿ" ಅಂದರೆ ನಾನು ಕೈ ಮುಗಿದು ಕೇಳುವುದು ಇಷ್ಟು. ಅದರ ಅರ್ಧ ಬೆಲೆಯ ಪ್ರೊಜೆಕ್ಟರ್ ಕೊಡಿ, ಉಳಿದ ಅರ್ಧವನ್ನು ಐದು ವರ್ಷದ ರಿಪೇರಿಗೆ ಇಡಿ. ಕೆಲವರು ಬೇಸರ ಮಾಡಿಕೊಳ್ಳುತ್ತಾರೆ. ಒಬ್ಬರು ಒಪ್ಪಿದರು. ನಮ್ಮ ಪ್ರೊಜೆಕ್ಟರ್ ಇನ್ನೂ ಓಡುತ್ತಿರುವುದು ಅವರಿಂದ.

ನಮ್ಮ ಲ್ಯಾಬಿನ ಕಥೆಯೂ ಬೇರೆ ಇರಲಿಲ್ಲ. ಹಾಳಾದರೆ ಯಾರು ಜವಾಬ್ದಾರಿ ಅನ್ನುವ ಭಯಕ್ಕೆ ಎರಡು ವರ್ಷ ಬೀಗ ಹಾಕಿಟ್ಟಿದ್ದೆವು. ಬೀಗದ ಕೈ ಆಫೀಸಿನ ಬೀರುವಿನಲ್ಲಿ, ಬೀರುವಿನ ಕೈ ಇನ್ನೆಲ್ಲೋ. ಕಂಪ್ಯೂಟರ್‌ಗಳು ಬಟ್ಟೆ ಹೊದ್ದು ಮಲಗಿದ್ದವು. ಮಕ್ಕಳ ಕೈಯಲ್ಲಿ ಹಾಳಾಗಬಾರದು ಅಂತ ಇಟ್ಟವು ಮೂಲೆಯಲ್ಲೇ ಹಾಳಾದವು. ಹತ್ತರಲ್ಲಿ ಆರು ಮತ್ತೆ ಶುರುವಾದವು.

ಈಗ ಒಂಬತ್ತನೇ ಕ್ಲಾಸಿನ ಐದು ಮಕ್ಕಳ ತಂಡ ಲ್ಯಾಬ್ ನೋಡಿಕೊಳ್ಳುತ್ತದೆ. ಬೆಳಗ್ಗೆ ಧೂಳು ಒರೆಸುತ್ತಾರೆ, ಯಾವುದು ನಡೆಯುತ್ತಿಲ್ಲ ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಾರೆ, ಏಳನೇ ಕ್ಲಾಸಿನವರಿಗೆ ಕನ್ನಡ ಟೈಪಿಂಗ್ ಹೇಳಿಕೊಡುತ್ತಾರೆ. ಬೀಗದ ಕೈ ಬೀರುವಿನಲ್ಲಿಲ್ಲ. ಸ್ಟಾಫ್ ರೂಮಿನ ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿದ್ದೇವೆ, ಏಳನೇ ಕ್ಲಾಸಿನ ಕುಳ್ಳ ಹುಡುಗನಿಗೂ ಎಟುಕುವಷ್ಟು ಕೆಳಗೆ.